ಯಾರೂ ಕೇಳಿರದ ಕುರ್ಚಿ

ಮಾರ್ಚ್ ೧೭, ಸೋಮವಾರ
ಅಂಗಡಿಯಿಂದ, ಬೆಳಿಗ್ಗೆ

ಪ್ರೀತಿಯ ಅಕ್ಕನಿಗೆ,

ತಮ್ಮನ ನಮಸ್ಕಾರಗಳು. ನಾವೆಲ್ಲ ಇಲ್ಲಿ ಆರೋಗ್ಯವಾಗಿದ್ದೇವೆ. ನೀವಿಬ್ಬರೂ ಚೆನ್ನಾಗಿದ್ದೀರಿ ಎಂದು ಭಾವ ಫೋನಿನಲ್ಲಿ ಹೇಳುತ್ತಿರುತ್ತಾರೆ. ಕಾಗದ ಬರೆಯಲು ಇಷ್ಟು ತಡಮಾಡಿದ್ದಕ್ಕೆ ಕ್ಷಮಿಸು. ನವೆಂಬರಿನಿಂದ ಹತ್ತು ಹದಿನೈದು ಸಲ ಫೋನ್ ಮಾಡಿದ್ದೇನೆ. ಪ್ರತಿ ಸಲವೂ ಭಾವನವರೇ ಎತ್ತಿ "ಅವಳು ಮಲಗಿದ್ದಾಳಪ್ಪ" ಎನ್ನುತ್ತಾರೆ. ಬೆಳಿಗ್ಗೆ ಹನ್ನೊಂದಕ್ಕೆ ಮಲಗುವವಳು ನೀನಲ್ಲ. ಅವರಿಗೆ ಸುಳ್ಳು ಹೇಳಿ ಅಭ್ಯಾಸವೂ ಇಲ್ಲ. ಪಕ್ಕದಲ್ಲೇ ನಿನ್ನ ಕೆಮ್ಮು ಕೇಳಿಸುತ್ತಿರುತ್ತದೆ. ಪಾಪ, ಅವರನ್ನು ಪೇಚಿಗೆ ಸಿಕ್ಕಿಸುವುದು ಬೇಡವೆಂದು ಕಾಗದ ಬರೆಯುತ್ತಿದ್ದೇನೆ.

ನಿನ್ನ ಮೌನ ಪತ್ರಿಕೆಯಲ್ಲಿ ನನ್ನ ಫೋಟೋ ಬಂದ ದಿನದಿಂದ ಶುರುವಾಯಿತು. ನಡೆದದ್ದನ್ನು ನನ್ನ ಬಾಯಿಂದ ನೀನು ಕೇಳಿಲ್ಲ. ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ಹೋದ ವರ್ಷ ರಾಜ್ಯ ಸರ್ಕಾರ ಅಂಗಡಿಗಳ ಕಾಯ್ದೆಗೆ ತಿದ್ದುಪಡಿ ತಂದಿತು. ಅಂಗಡಿಯಲ್ಲಿ ನಿಂತು ಕೆಲಸ ಮಾಡುವ ಪ್ರತಿಯೊಬ್ಬರಿಗೂ ಮಾಲೀಕ ಕುರ್ಚಿ ಕೊಡಬೇಕು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೂತವರನ್ನು ಏಳಿಸಬಾರದು. ಇಷ್ಟೇ ವಿಷಯ. ನಮ್ಮ ವರ್ತಕರ ಸಂಘದಲ್ಲಿ ಮಾತ್ರ ಆಕಾಶವೇ ತಲೆಮೇಲೆ ಬಿದ್ದಂತಾಯಿತು. ಜಾಗ ಎಲ್ಲಿದೆ ಎಂದು ಒಬ್ಬರು, ಕೂತವರು ಎದ್ದಾರೆಯೇ ಎಂದು ಇನ್ನೊಬ್ಬರು. ಸಂಘ ಹೈಕೋರ್ಟಿಗೆ ಹೋಯಿತು. ಅಧ್ಯಕ್ಷರು ನನ್ನ ಹತ್ತಿರ ಬಂದು, ಈ ಬೀದಿಯಲ್ಲಿ ನಮ್ಮದೇ ಹಳೆಯ ಅಂಗಡಿ, ನನ್ನ ಮಾತಿಗೆ ತೂಕವಿದೆ, ಒಂದು ಪ್ರಮಾಣಪತ್ರ ಕೊಡಬೇಕು ಎಂದರು. ತೂಕ ಎಂದೊಡನೆ ನಾನು ಉಬ್ಬಿಹೋದೆ. ವಕೀಲರು ಟೈಪ್ ಮಾಡಿಸಿ ತಂದರು, ನಾನು ಸಹಿ ಹಾಕಿದೆ. ಅದರ ನಾಲ್ಕನೆಯ ಪ್ಯಾರಾ ಹೀಗಿತ್ತು: "ನಮ್ಮ ಅಂಗಡಿ ಶುರುವಾದಂದಿನಿಂದ ಈ ಐವತ್ತೆರಡು ವರ್ಷಗಳಲ್ಲಿ ಕೆಲಸ ಮಾಡಿದ ಯಾರೊಬ್ಬರೂ ಕುರ್ಚಿ ಕೇಳಿಲ್ಲ." ಪತ್ರಿಕೆಯವರು ನನ್ನ ಫೋಟೋದ ಕೆಳಗೆ ಹಾಕಿದ್ದು ಆ ಒಂದೇ ಸಾಲನ್ನು.

ಫೆಬ್ರವರಿಯಲ್ಲಿ ತೀರ್ಪು ಬಂತು. ಸೋತೆವು. ನಾನು ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿದ್ದೆ. ನ್ಯಾಯಮೂರ್ತಿಗಳು ಹೆಂಗಸು, ನಿನ್ನ ವಯಸ್ಸಿನ ಆಸುಪಾಸಿನವರು. ನನ್ನ ಸಾಲನ್ನೇ ಎತ್ತಿ ಓದಿ, ಯಾರೂ ಕೇಳಲಿಲ್ಲ ಎನ್ನುವುದು ಯಾರಿಗೂ ಬೇಕಿರಲಿಲ್ಲ ಎಂಬುದಕ್ಕೆ ಪುರಾವೆಯಲ್ಲ ಎಂದರು. ಅರವತ್ತು ದಿನಗಳಲ್ಲಿ ಎಲ್ಲ ಅಂಗಡಿಗಳೂ ಕುರ್ಚಿ ಹಾಕಬೇಕೆಂದು ಆದೇಶವಾಯಿತು. ಹೊರಗೆ ಬಂದಮೇಲೆ ಅಧ್ಯಕ್ಷರು ನನ್ನ ಬೆನ್ನು ತಟ್ಟಿ, "ನಿಮ್ಮ ತಪ್ಪೇನಿಲ್ಲ ಬಿಡಿ" ಎಂದರು. ಅಲ್ಲಿಯವರೆಗೆ ತಪ್ಪು ನನ್ನದಿರಬಹುದೆಂದು ನನಗೆ ಹೊಳೆದಿರಲಿಲ್ಲ.

ಸರಿ, ಆರು ಕುರ್ಚಿ ತಂದೆ. ಆಮೇಲಿನದು ನೀನು ನೋಡಬೇಕಿತ್ತು, ನಕ್ಕು ಸುಸ್ತಾಗುತ್ತಿದ್ದೆ. ನಮ್ಮ ಕೌಂಟರ್ ಎಷ್ಟು ಎತ್ತರ ಎಂದು ನಿನಗೆ ಗೊತ್ತಲ್ಲ, ಅಪ್ಪ ತಮ್ಮ ಎದೆಮಟ್ಟಕ್ಕೆ ಮಾಡಿಸಿದ್ದು. ಅದರ ಹಿಂದೆ ಕೂತವರು ಮಾಯ. ಮೊದಲ ದಿನ ಪರದೆ ಬಟ್ಟೆಗೆಂದು ಬಂದ ಮುದುಕರೊಬ್ಬರು ಖಾಲಿ ಅಂಗಡಿ ನೋಡಿ, "ಎಲ್ಲ ಬಿಟ್ಟು ಎಲ್ಲಿಗೆ ಹೋದ್ರಪ್ಪ?" ಎಂದು ಕೂಗಿದರು. ಒಂದೊಂದೇ ತಲೆ ಮೇಲೆ ಬಂತು, ನಾಲ್ಕು ತಲೆ. ಅವರು ಎದೆ ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದರು.

ಆ ದಿನ ರಜೆಯಲ್ಲಿದ್ದ ನಿನ್ನ ಶಿಷ್ಯೆ ಕತ್ತರಿಯಮ್ಮ ಮಾತ್ರ, ಮರುದಿನ ಬಂದವಳು, ಕೂರಲೇ ಇಲ್ಲ. ಹದಿನೆಂಟಕ್ಕೆ ನಿನ್ನ ಕೈಕೆಳಗೆ ಕೆಲಸ ಕಲಿಯಲು ಬಂದಿದ್ದ ಹುಡುಗಿಗೆ ಈಗ ಮೊಮ್ಮಗಳಿದ್ದಾಳೆ. ಅವಳು ಕುರ್ಚಿಯ ಮೇಲೆ ತನ್ನ ಕೈಚೀಲ ಇಟ್ಟು ಪಕ್ಕದಲ್ಲಿ ನಿಂತಿರುತ್ತಿದ್ದಳು. ಕಾರ್ಮಿಕ ಇಲಾಖೆಯ ನಿರೀಕ್ಷಕಿ ತಪಾಸಣೆಗೆ ಬಂದವರು ಅದನ್ನು ನೋಡಿ, ಕುರ್ಚಿ ಇರುವುದು ಚೀಲಕ್ಕಲ್ಲ ಎಂದು ನನ್ನನ್ನು ಗದರಿದರು. ಕತ್ತರಿಯಮ್ಮ ನನ್ನ ಪರ ವಹಿಸಿದಳು. ಹೇಗೆ ಅಂತೀಯಾ?

"ಮೇಡಮ್, ಅವರು ಕೂತ್ಕೋ ಅಂತಾನೇ ಹೇಳ್ತಾರೆ. ನನ್ನ ಮಂಡಿಗೆ ಮಡಚೋದು ಮರ್ತೋಗಿದೆ."

ನಿರೀಕ್ಷಕಿ ನಗಲಿಲ್ಲ. ನಾನೂ ನಗಲಿಲ್ಲ. ಅವರು ಕೌಂಟರ್ ತಗ್ಗಿಸಿ ಎಂದು ಬರೆದುಕೊಟ್ಟು ಹೋದರು. ಹಾಗಾಗಿ ಕಳೆದ ವಾರ ಬಡಗಿಯನ್ನು ಕರೆಸಿದೆ.

ಅಕ್ಕ, ಈ ಕಾಗದ ಬರೆಯಲು ನಿಜವಾದ ಕಾರಣ ಅವನು. ಬಲತುದಿಯಿಂದ ಕೆಲಸ ಶುರುಮಾಡಿದ, ನೀನು ನಿಲ್ಲುತ್ತಿದ್ದ ಷರ್ಟಿನ ಬಟ್ಟೆಯ ಕಡೆಯಿಂದ. ಒಳಗಿನ ಕೆಳಹಲಗೆಯನ್ನು ಎಬ್ಬಿಸಿ, ನನ್ನನ್ನು ಕರೆದು, ಇಲ್ಲೇನು ಹಗ್ಗ ಉಜ್ಜುತ್ತಿದ್ದಿರಾ ಎಂದು ಕೇಳಿದ. ಹಲಗೆಯ ಅಂಚಿನಲ್ಲಿ ಎರಡು ಕಡೆ ಗುಳಿ ಬಿದ್ದಿತ್ತು. ನುಣ್ಣಗೆ, ಕೈಯಾಡಿಸಿದರೆ ಜಾರುವಷ್ಟು. ಒಂದು ಎಡಗಾಲಿನದು, ಇನ್ನೊಂದು ಬಲಗಾಲಿನದು.

ತಕ್ಷಣ ಎಲ್ಲ ನೆನಪಾಯಿತು. ನೀನು ಗಿರಾಕಿಗೆ ಕಾಣದ ಹಾಗೆ ಒಂದು ಕಾಲನ್ನು ಆ ಹಲಗೆಯ ಮೇಲಿಟ್ಟು, ಇನ್ನೊಂದರ ಮೇಲೆ ಭಾರ ಬಿಟ್ಟು ನಿಲ್ಲುತ್ತಿದ್ದೆ. ಒಬ್ಬ ಗಿರಾಕಿ ಹೋದ ಮೇಲೆ ಕಾಲು ಬದಲು. ಹೊಸ ಹುಡುಗಿಯರು ಬಂದಾಗ ಬಟ್ಟೆ ಅಳೆಯುವುದಕ್ಕಿಂತ ಮೊದಲು ನೀನು ಕಲಿಸುತ್ತಿದ್ದುದು ಅದನ್ನೇ. "ಈ ಗಿರಾಕಿ ಎಡಗಾಲಿಗೆ, ಮುಂದಿನವರು ಬಲಗಾಲಿಗೆ, ಮರೀಬೇಡ." ವ್ಯಾಪಾರ ಹೇಗಿದೆ ಎಂದು ಅಪ್ಪ ಕೇಳಿದರೆ, "ಈವತ್ತು ಕಾಲು ಬದಲಾಯಿಸೋಕೂ ಬಿಡುವಿಲ್ಲ" ಎನ್ನುತ್ತಿದ್ದೆ. ಅಪ್ಪ ಅದನ್ನು ಹೊಗಳಿಕೆ ಎಂದುಕೊಂಡಿದ್ದರು.

ಬಡಗಿಗೆ ಟೀ ಕೊಡಿಸಿ ಕಳಿಸಿ ಒಬ್ಬನೇ ಆ ತುದಿಯಲ್ಲಿ ನಿಂತೆ. ಶಾಲೆ ಬಿಟ್ಟು ನೇರ ಇಲ್ಲಿಗೇ ಬರುತ್ತಿದ್ದೆನಲ್ಲ. ಬಾಗಿಲು ದಾಟಿದೊಡನೆ ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ. ಗಲ್ಲಾದ ಹಿಂದೆ ಅಪ್ಪನ ಕುರ್ಚಿ, ಅದರ ಪಕ್ಕದ ಸ್ಟೂಲಿನ ಮೇಲೆ ಪುಸ್ತಕ ಹರವಿಕೊಂಡು ನಾನು. ನೀನು ಕತ್ತರಿಯಿಂದ ಅಂಚಿಗೆ ಒಂದೇ ಒಂದು ಕಚ್ಚು ಹಾಕಿ, ಎರಡೂ ಕೈಯಲ್ಲಿ ಹಿಡಿದು ಸರ್ರನೆ ಹರಿಯುತ್ತಿದ್ದೆ. ಹರಿದ ಗೆರೆ ಒಂದು ನೂಲು ಬಿಟ್ಟು ಇನ್ನೊಂದಕ್ಕೆ ಹೋಗುತ್ತಿರಲಿಲ್ಲ. ಆ ಸದ್ದಿಗೆ ಬೀದಿಯಲ್ಲಿ ಹೋಗುವವರೂ ತಿರುಗಿ ನೋಡುತ್ತಿದ್ದರು. ಅಳೆದ ಮೇಲೆ ಹೆಬ್ಬೆರಳಿನಷ್ಟು ಹೆಚ್ಚು ಬಿಟ್ಟು ಹರಿಯುವುದು ನಿನ್ನ ಪದ್ಧತಿ. ಅಪ್ಪ ನೋಡಿಯೂ ನೋಡದ ಹಾಗೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಮಧ್ಯಾಹ್ನ ಗಿರಾಕಿ ಇಲ್ಲದಾಗ, ಬಟ್ಟೆಯ ಗಂಟುಗಳಿಗೆ ಸುತ್ತಿ ಬಂದ ಹಳೆಯ ಪತ್ರಿಕೆಗಳನ್ನು ನಾಲ್ಕು ಮಡಿಕೆ ಮಾಡಿ ನೀನು ನಿಂತೇ ಓದುತ್ತಿದ್ದೆ. ಧಾರಾವಾಹಿಯ ಮೂರನೆಯ ಕಂತು ಸಿಕ್ಕರೆ ನಾಲ್ಕನೆಯದು ಸಿಗುತ್ತಿರಲಿಲ್ಲ. ಸಿಗದ ಕಂತನ್ನು ನೀನೇ ಕಟ್ಟಿ ನನಗೆ ಹೇಳುತ್ತಿದ್ದೆ. ಅವುಗಳಲ್ಲಿ ಎಷ್ಟು ಅಚ್ಚಾದವು, ಎಷ್ಟು ನಿನ್ನವು ಎಂದು ನನಗೆ ಇಂದಿಗೂ ಗೊತ್ತಿಲ್ಲ.

ಹದಿನಾರರಿಂದ ಇಪ್ಪತ್ತೇಳರವರೆಗೆ, ಮದುವೆಯ ಹಿಂದಿನ ವಾರದ ತನಕ, ಹನ್ನೊಂದು ವರ್ಷ ನೀನು ಅಲ್ಲಿ ನಿಂತೆ. ನಿನ್ನ ಕಾಲಿನ ನರಗಳಿಗೆ ಎರಡನೆಯ ಸಲ ಶಸ್ತ್ರಚಿಕಿತ್ಸೆಯಾದಾಗ ನಾನು ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಬಂದಿದ್ದೆ. ಡಾಕ್ಟರು ನಿಂತು ಮಾಡುವ ಕೆಲಸವಿತ್ತೇ ಎಂದು ಕೇಳಿದರು. ನೀನು, "ಏನೋ, ಅಪ್ಪನಿಗೆ ಸ್ವಲ್ಪ ಸಹಾಯ ಮಾಡ್ತಿದ್ದೆ" ಎಂದೆ. ನಾನು ಕಿತ್ತಳೆ ಸುಲಿಯುತ್ತಿದ್ದೆ.

ಕೌಂಟರಿನ ಕೆಲಸ ಗುರುವಾರಕ್ಕೆ ಮುಗಿಯುತ್ತದೆ. ಈಗ ಕೂತವರ ಮುಖವೂ ಗಿರಾಕಿಗೆ ಕಾಣಿಸುತ್ತದೆ. ಕತ್ತರಿಯಮ್ಮ ಮೊನ್ನೆ ಚೀಲ ಕೆಳಗಿಟ್ಟು ಹತ್ತು ನಿಮಿಷ ಕೂತಿದ್ದಳು, ಯಾರೋ ಪರೀಕ್ಷೆ ಮಾಡುತ್ತಿದ್ದಾರೆ ಎಂಬಂತೆ ನೆಟ್ಟಗೆ. ಅಕ್ಕ ಬಂದು ಕೂತರೆ ತಾನೂ ಸರಾಗವಾಗಿ ಕೂರುತ್ತೇನೆ ಎನ್ನುತ್ತಾಳೆ. ಶುಕ್ರವಾರ ಬರುತ್ತೀಯಾ? ಕಾರು ಕಳಿಸುತ್ತೇನೆ. ಮುಂಬಾಗಿಲಿಗೆ ಎರಡೇ ಮೆಟ್ಟಿಲು, ಹಿಡಿಕೆ ಹಾಕಿಸಿದ್ದೇನೆ. ಭಾವನವರು ಕೂಡ ಬರಲಿ, ಮಲಗಿದ್ದಾಳೆ ಎನ್ನುವ ಕೆಲಸಕ್ಕೆ ಅವರಿಗೂ ಒಂದು ದಿನ ರಜೆ.

ಮಕ್ಕಳಿಗೆ, ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು. ನನಗೆ ಅರವತ್ತೊಂದಾದರೂ ನಿನ್ನ ಆಶೀರ್ವಾದ ಬೇಕು. ಕೊಡುವ ಮನಸ್ಸಾದಾಗ ಕೊಡು.

ಇಂತಿ ನಿನ್ನ,
ಪುಟ್ಟ

ತಾ.ಕ. ಕಾಗದ ಮಡಿಸಿ ಲಕೋಟೆಗೆ ಹಾಕಿ ಮತ್ತೆ ತೆಗೆದೆ. ನಾನು ಕಾನೂನನ್ನು ವಿರೋಧಿಸಿದೆನೆಂದು ನೀನು ಸಿಟ್ಟಾಗಿಲ್ಲ, ಅದು ನನಗೆ ಮೊದಲಿನಿಂದಲೂ ಗೊತ್ತು. ಸಿಟ್ಟು ನಾಲ್ಕನೆಯ ಪ್ಯಾರಾದ ಮೇಲೆ.

ನೀನು ಕೇಳಿದ್ದೆ, ಅಕ್ಕ. ನಿನಗೆ ಇಪ್ಪತ್ತು, ನನಗೆ ಹದಿನೇಳು. ನೀನು ಮೂರು ವಾರ ಜ್ವರ ಹಿಡಿದು ಎದ್ದು ಅವತ್ತೇ ಅಂಗಡಿಗೆ ಬಂದಿದ್ದೆ. ಮಧ್ಯಾಹ್ನ ಗಲ್ಲಾದ ಹತ್ತಿರ ಬಂದು, "ಅಪ್ಪ, ಆ ತುದೀಲಿ ಒಂದು ಸ್ಟೂಲ್ ಇಟ್ಕೊಳ್ಲಾ?" ಎಂದೆ. ಅಪ್ಪ ಇಲ್ಲ ಎನ್ನಲಿಲ್ಲ. ಏನೋ ಯೋಚಿಸುತ್ತ ನನ್ನ ಕಡೆ ನೋಡಿದರು. ಇಟ್ಟುಕೋ ಎನ್ನುತ್ತಿದ್ದರೇನೋ. ಅಷ್ಟರಲ್ಲಿ ನಾನು ಸ್ಟೂಲಿನ ಮೇಲೆ ಕೂತುಕೊಂಡೇ, "ಮಹಾರಾಣಿ ಕೂತ್ಕೊಂಡ್ರೆ ಗಿರಾಕಿ ನಿಂತ್ಕೋಬೇಕಾ?" ಎಂದೆ. ಅಪ್ಪ ನಕ್ಕರು, ನಾನೂ ನಕ್ಕೆ. ಒಂದು ಕ್ಷಣ ಬಿಟ್ಟು ನೀನೂ ನಕ್ಕು ನಿನ್ನ ತುದಿಗೆ ಹೋದೆ. ಮತ್ತೆ ಕೇಳಲಿಲ್ಲ.

ಪ್ರಮಾಣಪತ್ರಕ್ಕೆ ಸಹಿ ಹಾಕುವಾಗ ಇದು ಮರೆತಿತ್ತು ಎಂದು ಹೇಳಬಹುದಿತ್ತು. ಮರೆತಿರಲಿಲ್ಲ. ಮನೆಯವಳು ಅಂಗಡಿಯಲ್ಲಿ ಕೆಲಸ ಮಾಡಿದವಳ ಲೆಕ್ಕಕ್ಕೆ ಬರುವುದಿಲ್ಲ ಎಂದುಕೊಂಡು ಪೆನ್ನು ಊರಿದೆ. ಹೋದ ವಾರ ವಕೀಲರಲ್ಲಿಗೆ ಹೋಗಿ ಅದನ್ನು ತಿದ್ದಬೇಕು ಎಂದೆ. ಸೋತ ಮೇಲೆ ತಿದ್ದಿ ಯಾರಿಗೆ ಏನಾಗಬೇಕು ಎಂದರು. ಆದರೂ ಕೇಳಿದವರೊಬ್ಬರಿದ್ದರು ಎಂದು ಹೊಸದಾಗಿ ಬರೆಸಿ, ಸಹಿ ಹಾಕಿ, ನ್ಯಾಯಾಲಯದ ಕಚೇರಿಗೆ ಕೊಟ್ಟು ಬಂದಿದ್ದೇನೆ. ಕಡತದಲ್ಲಿ ಸೇರಿಸುತ್ತಾರೋ ಇಲ್ಲವೋ ತಿಳಿಯದು. ಅದರ ಪ್ರತಿ ಇದರ ಜೊತೆಗಿದೆ.

ಹಲಗೆಯನ್ನು ಬಡಗಿ ಸೌದೆಗೆ ಕೇಳಿದ. ಕೊಡಲಿಲ್ಲ.

ಶುಕ್ರವಾರ ಬರಲಾಗದಿದ್ದರೆ ಫೋನನ್ನಾದರೂ ಎತ್ತು. "ನಾನು ಕೇಳಿದ್ದೆ ಕಣೋ" ಎಂದು ಒಂದು ಸಲ ಬೈದು ಹೇಳು. ಈ ಸಲ ನಗುವುದಿಲ್ಲ.