ಕೆರಿಯಮ್ಮನ ಎಡಗಾಲು

ಹೊಸನಗರ
14 ಡಿಸೆಂಬರ್ 2024, ಶನಿವಾರ

ಪ್ರೀತಿಯ ಮಹಾಲಕ್ಷ್ಮೀ,

ಹೇಗಿದ್ದೀಯೆ? ಶಿವಮೊಗ್ಗದ ಹಾಸ್ಟೆಲ್ ಊಟಕ್ಕೆ ಹೊಟ್ಟೆ ಒಗ್ಗಿತಾ? ನಿನ್ನ ಮೆಸೇಜು ಬಂದು ಹನ್ನೆರಡು ದಿನ ಆಯಿತು. "ಅಮ್ಮ ಯಾಕೆ ಕೆಲಸ ಬಿಟ್ಲು? ಕೇಳಿದ್ರೆ ಹೇಳ್ತಾ ಇಲ್ಲ. ನಿಂಗೆ ಗೊತ್ತಿರ್ತದೆ" ಅಂತ ಕೇಳಿದ್ದೆ. ನಾನು ಓದಿದ್ದೇನೆ ಎನ್ನುವುದು ನಿನಗೂ ಕಾಣಿಸಿರುತ್ತದೆ. ಉತ್ತರ ಕೊಡದೆ ಇದ್ದದ್ದಕ್ಕೆ ಈಗಲೇ ಬೈಯಬೇಡ, ಪೂರ್ತಿ ಓದಿ ಆಮೇಲೆ ಬೈಯಿ. ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯೆ, ನಾನು ಅರ್ಧಕ್ಕೇ ನಿಲ್ಲಿಸುತ್ತೇನೆ. ಅದಕ್ಕೇ ಕಾಗದ.

ಇಲ್ಲಿ ಅಜ್ಜ ಅಜ್ಜಿ ಚೆನ್ನಾಗಿಲ್ಲ. ನಿನ್ನ ರೂಮಿನ ಹುಡುಗಿಯರಿಗೆ ಹೇಳಿದರೆ ನಂಬಲಿಕ್ಕಿಲ್ಲ, ಡೆನ್ಮಾರ್ಕಿನಿಂದ ಮಿಷನ್ ಸೇವೆಗೆ ಬಂದ ನೀಲ್ಸ್ ಅಜ್ಜ, ಕಿರ್ಸ್ಟನ್ ಅಜ್ಜಿ ಹೊಸನಗರದಲ್ಲಿ ಕೂತು ಗಂಜಿಗೆ ಅಪ್ಪೆಮಿಡಿ ನೆಂಚಿಕೊಳ್ಳುತ್ತಾರೆ ಎಂದು. ಈಗಲೂ ಐದಕ್ಕೇ ಏಳುತ್ತಾರೆ. ಪ್ರಾರ್ಥನೆ ಮಾಡಿ, ಹತ್ತಿ, ಬಟ್ಟೆಪಟ್ಟಿ, ಔಷಧ ಎಲ್ಲ ಡಬ್ಬಿಗೆ ತುಂಬುತ್ತಾರೆ. ಏಳೂವರೆಗೆ ನಾನು ಓಮ್ನಿ ತೆಗೆಯಬೇಕು. ಹಾಸಿಗೆ ಹಿಡಿದವರ ಮನೆ ಈಗ ಹನ್ನೊಂದು. ಹುಂಚದ ಕಡೆಗೆ ಆರು, ಬಟ್ಟೆಮಲ್ಲಪ್ಪದ ಕಡೆಗೆ ಐದು. ಹುಣ್ಣು ತೊಳೆಯುವುದು, ಪಟ್ಟಿ ಕಟ್ಟುವುದು, ಬೇಕೆಂದವರ ಹತ್ತಿರ ಕೂತು ಪ್ರಾರ್ಥನೆ ಮಾಡುವುದು. ಬೇಡ ಎಂದರೆ ಸುಮ್ಮನೆ ಕೈ ಹಿಡಿದು ಕೂರುತ್ತಾರೆ.

ಅಜ್ಜನ ಕನ್ನಡ ಇನ್ನೂ ಪುಸ್ತಕದ್ದೇ. "ತಾವು ರಾತ್ರಿ ಸುಖವಾಗಿ ನಿದ್ರಿಸಿದಿರೋ?" ಎಂದು ಜಟ್ಟಪ್ಪಣ್ಣನನ್ನು ಕೇಳುತ್ತಾರೆ. ಸೊಂಟ ಮುರಿದು ಎರಡು ವರ್ಷದಿಂದ ಮಲಗಿರುವ ಆ ಮನುಷ್ಯ ನಗುತ್ತಾನೆ: "ಅಜ್ಜಾರೇ, ನೀವು ಮಾತಾಡಿದ್ರೆ ಕೋರ್ಟಿಗೆ ಬಂದಂಗೆ ಆಗ್ತದೆ ಮಾರಾಯ್ರೇ. ಸುಳ್ಳು ಹೇಳಕ್ಕೇ ಹೆದ್ರಿಕೆ." ಅಜ್ಜಿಯದು ಹಾಗಲ್ಲ, ನಿನ್ನ ಅಮ್ಮನ ಹತ್ತಿರ ಅಡಿಗೆಮನೆಯಲ್ಲಿ ಕಲಿತ ಕನ್ನಡ.

ಮುಖ್ಯ ವಿಷಯ ಜಟ್ಟಪ್ಪಣ್ಣನ ಪಕ್ಕದ ಮನೆಯದು. ಅಲ್ಲಿ ಕೆರಿಯಮ್ಮ ಇದ್ದಾರೆ, ಸಕ್ಕರೆ ಕಾಯಿಲೆ, ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಹುಣ್ಣು. ಅಕ್ಟೋಬರಿನಲ್ಲಿ ಅಜ್ಜಿ ಜಟ್ಟಪ್ಪಣ್ಣನನ್ನು ನೋಡುವಾಗ ಅಜ್ಜ ಒಬ್ಬರೇ ಕೆರಿಯಮ್ಮನ ಮನೆಗೆ ಹೋಗುತ್ತಿದ್ದರು. ಒಂದು ದಿನ ಅವರು ಗಾಡಿಯಲ್ಲೇ ಮರೆತಿದ್ದ ಕತ್ತರಿ ಕೊಡಲು ನಾನು ಒಳಗೆ ಹೋದೆ. ಅಜ್ಜ ನೆಲಕ್ಕೆ ಮೊಣಕಾಲೂರಿ ಕೂತು ಬಿಸಿನೀರಲ್ಲಿ ಕಾಲು ತೊಳೆದು, ಚಂದ ಮಾಡಿ ಪಟ್ಟಿ ಕಟ್ಟುತ್ತಿದ್ದರು. ಬಲಗಾಲಿಗೆ. ಏನೂ ಆಗದ ಕಾಲಿಗೆ. ಎಡಗಾಲು ಸೀರೆಯ ಒಳಗೆ ಇತ್ತು. ವಾಸನೆ ನನಗೇ ಬಂತು.

ನಾನು ಕೂಗಿಯೇಬಿಟ್ಟೆ. ಕೆರಿಯಮ್ಮ ನನ್ನನ್ನೇ ಗದರಿದರು: "ಸುಮ್ನಿರೇ. ಅಷ್ಟು ದೊಡ್ಡೋರು ಮಂಡಿಯೂರಿ ಕೂತು ಕಾಲು ತೊಳೀತಾರೆ. ಈ ಕಾಲಲ್ಲ, ಆ ಕಾಲು ಅಂತ ಹೆಂಗೆ ಹೇಳದು? ನಾಲ್ಕು ಸರ್ತಿ ಆತು, ಇನ್ನೊಂದ್ಸಲ ಅವ್ರಿಗೇ ಗೊತ್ತಾಗ್ತದೆ ಅಂತಿದ್ದೆ."

ನಾಲ್ಕು ಸಲ! ಮರುದಿನ ಅವರನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆವು. ಹೆಬ್ಬೆರಳು ತೆಗೆದರು. ಅಜ್ಜಿ ನನ್ನ ಕೈ ಹಿಡಿದು, "ಇದು ಇಲ್ಲಿಗೇ ಇರಲಿ ಮಗಾ. ಇನ್ನು ನಾನೇ ಜೊತೆಗಿರ್ತೇನೆ" ಎಂದರು. ನಾನು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಆಮೇಲೆ ಎರಡು ವಾರದಲ್ಲಿ ಅಜ್ಜ ಜಟ್ಟಪ್ಪಣ್ಣನ ಮಾತ್ರೆಯನ್ನು ಇನ್ನೊಬ್ಬರ ಡಬ್ಬಿಗೆ ಹಾಕಿದ್ದರು. ಅಜ್ಜಿ ನೋಡಿದರು, ಸರಿಮಾಡಿದರು. ಅಂದಿನಿಂದ ಪ್ರತಿ ಮನೆಯ ಮುಂದೆ ನಿಲ್ಲಿಸಿದಾಗಲೂ, ಇವತ್ತು ಏನು ತಪ್ಪುತ್ತದೋ ಎಂದು ಬಾಗಿಲಲ್ಲೇ ನಿಂತು ನೋಡುತ್ತಿದ್ದೆ.

ನವೆಂಬರ್ ಮೂರನೇ ವಾರದಲ್ಲಿ ಮಿಷನ್ನಿನ ಬೆಂಗಳೂರು ಆಫೀಸಿನಿಂದ ಕಾಂತರಾಜ್ ಎನ್ನುವವರು ಬಂದರು. ಎರಡು ದಿನ ಇದ್ದರು, ನಿನ್ನ ಅಮ್ಮ ಮಾಡಿದ ಕಡುಬು ಹೊಗಳಿ ತಿಂದರು. ಹೋಗುವಾಗ ಸಾಗರದ ರೈಲ್ವೆ ಸ್ಟೇಷನ್ನಿಗೆ ಬಿಟ್ಟವಳು ನಾನು. ದಾರಿಯಲ್ಲಿ ಕೇಳಿದರು:

"ದಿನಾ ನೋಡೋಳು ನೀನು. ಅವರಿಬ್ಬರಿಗೂ ಇನ್ನೂ ಕೆಲಸ ಮಾಡೋಕೆ ಆಗ್ತದೇನಮ್ಮ?"

"ಅಜ್ಜಿಗೆ ಆಗ್ತದೆ. ಅಜ್ಜನಿಗೆ ಆಗಲ್ಲ."

"ಯಾಕೆ ಹಾಗಂತೀಯ?"

ಹೇಳಿದೆ. ಕಾಲಿನದ್ದೂ, ಮಾತ್ರೆಯದ್ದೂ. ಕೆರಿಯಮ್ಮನಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಎಂದು ಹೇಳಿದೆ. ಅಜ್ಜನಿಗೆ ಕೂತು ಮಾಡುವ ಕೆಲಸ ಕೊಡುತ್ತಾರೆ, ಕಣ್ಣು ತಲೆ ಡಾಕ್ಟರಿಗೆ ತೋರಿಸುತ್ತಾರೆ ಎಂದುಕೊಂಡಿದ್ದೆ. ಅಷ್ಟೇ ನನ್ನ ಬುದ್ಧಿ.

ನಾಲ್ಕೇ ದಿನಕ್ಕೆ ಪತ್ರ ಬಂತು. ಅಜ್ಜ ಇನ್ನು ರೋಗಿಗಳನ್ನು ಮುಟ್ಟಬಾರದು, ಮಾರ್ಚಿನಲ್ಲಿ ಇಬ್ಬರೂ ತಮ್ಮ ದೇಶಕ್ಕೆ ಹಿಂದಿರುಗಬೇಕು. ಮೂವತ್ತೊಂದು ವರ್ಷ ಇಲ್ಲಿದ್ದವರು. ಅಲ್ಲಿ ಅವರಿಗೆ ಮನೆಯೂ ಇಲ್ಲ, ಮಕ್ಕಳೂ ಇಲ್ಲ. "ಮನೆಯಲ್ಲಿ ಕೆಲಸ ಮಾಡುವವರೊಬ್ಬರಿಂದ ತಿಳಿದುಬಂದಂತೆ" ಎಂದೂ ಅದರಲ್ಲಿ ಇತ್ತು.

ಅಜ್ಜ ತಟ್ಟೆ ಸರಿಸಿದರು. "ಯಾರು? ನನ್ನ ಮುಖ ನೋಡಿ ಹೇಳಲಿ. ಅಲ್ಲಿಯವರೆಗೆ ನಾನು ಉಣ್ಣುವುದಿಲ್ಲ." ಒಂದು ದಿನ ಪೂರ್ತಿ ಉಣ್ಣಲಿಲ್ಲ. ಮರುದಿನ ಬೆಳಿಗ್ಗೆ ಅಜ್ಜಿ ಅಡಿಗೆಮನೆಗೆ ಬಂದು, "ಕನ್ನಮ್ಮ, ನೀನು ನಾಳೆಯಿಂದ ಬರೋದು ಬೇಡ" ಎಂದರು.

ನಿನ್ನ ಅಮ್ಮ ರೊಟ್ಟಿ ತಟ್ಟುತ್ತಿದ್ದರು. "ಎಂತ ಮಾಡ್ದೆ ಅಮ್ಮಾ ನಾನು?" ಎಂದು ಎರಡು ಸಲ ಕೇಳಿದರು. ನಿನ್ನ ಅಮ್ಮ ಆ ರೊಟ್ಟಿ ಬೇಯಿಸಿ, ಒಲೆ ಆರಿಸಿ, ಕೈ ತೊಳೆದುಕೊಂಡು ಹೊರಟರು. ಹದಿನೆಂಟು ವರ್ಷದ ಕೆಲಸ. ನಾನು ಬಾಗಿಲಲ್ಲೇ ಇದ್ದೆ. ನನ್ನ ಪಕ್ಕದಿಂದಲೇ ದಾಟಿಹೋದರು.

ಹೇಳಿದ್ದು ನಾನು, ಮಹಾಲಕ್ಷ್ಮೀ. ಸುಮ್ಮನಿದ್ದದ್ದೂ ನಾನೇ.

ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಮೇಷ್ಟ್ರೇ ಉತ್ತರ ಹೇಳಿಕೊಟ್ಟರು ಎಂದು ಬಂದ ಅಧಿಕಾರಿಗೆ ಹೇಳಿದ್ದಕ್ಕೆ ಇಡೀ ಶಾಲೆ ನನ್ನನ್ನು ಮಾತಾಡಿಸುವುದು ಬಿಟ್ಟಿತ್ತಲ್ಲ. ಪಕ್ಕದಲ್ಲಿ ಕೂತವಳು ನೀನೊಬ್ಬಳೇ. ಆಗ ಶಾಲೆ ಬಿಟ್ಟವಳಿಗೆ ಯಾವ ಕೆಲಸವೂ ಮೂರು ತಿಂಗಳಿಗಿಂತ ಹೆಚ್ಚು ಹಿಡಿಸಲಿಲ್ಲ. ಈ ಗಾಡಿಯಲ್ಲಿ ಮಾತ್ರ ಎರಡು ವರ್ಷ ನಿಂತೆ. ಅದೂ ಹೋಗುತ್ತದೆ ಎಂದು ಹೆದರಿದೆ. ಇದು ಕಾರಣ. ಸರಿ ಅಂತ ಹೇಳುತ್ತಿಲ್ಲ.

ಇವತ್ತು ಅಜ್ಜನಿಗೂ ಅಜ್ಜಿಗೂ ಹೇಳುತ್ತೇನೆ. ನಿನಗೆ ಮೊದಲು ಬರೆದರೆ ಹಿಂದೆ ಸರಿಯಲು ಆಗುವುದಿಲ್ಲ ಎಂದು ಬರೆದೆ.

ಪರೀಕ್ಷೆ ಚೆನ್ನಾಗಿ ಮಾಡು. ನೀನು ಒಳ್ಳೆಯ ನರ್ಸ್ ಆಗಬೇಕು, ನಿನ್ನ ರೋಗಿಗಳು ನಿನ್ನ ಹತ್ತಿರ ಸಂಕೋಚ ಬಿಟ್ಟು ಮಾತಾಡುವಂತಾಗಲಿ. ಚಳಿ ಜಾಸ್ತಿ, ಬೆಚ್ಚಗಿರು.

ನಿನ್ನ
ಸುಚಿತ್ರಾ

ಮರೆತದ್ದಲ್ಲ, ಆಮೇಲೆ ಆದದ್ದು: ಕಾಗದ ಅಂಟಿಸುವ ಮೊದಲು ಅಜ್ಜಿಯ ಹತ್ತಿರ ಹೋಗಿ ಹೇಳಿಬಿಟ್ಟೆ. ಅವರು ಹತ್ತಿ ಸುತ್ತುತ್ತಿದ್ದರು. ಕೈ ನಿಲ್ಲಲಿಲ್ಲ.

"ಗೊತ್ತು ಮಗಾ."

"ಯಾವಾಗಿಂದ?"

"ಪತ್ರ ಬಂದ ದಿನದಿಂದ. ಕನ್ನಮ್ಮ ಗಾಡಿ ಹತ್ತಿದವಳೇ ಅಲ್ಲ, ಅವಳಿಗೆ ಆ ಕಾಲಿನ ಸುದ್ದಿ ಎಲ್ಲಿ ಗೊತ್ತು?"

"ಮತ್ತೆ ಅವರನ್ನ ಯಾಕೆ ಕಳಿಸಿದ್ರಿ?"

"ಅಜ್ಜ ಉಣ್ಣಬೇಕಿತ್ತು. ಯಾರಾದ್ರೂ ಒಬ್ಬರ ಹೆಸರು ಬೇಕಿತ್ತು. ಕನ್ನಮ್ಮ ಇಲ್ಲದಿದ್ರೆ ಗಂಜಿ ನಾನು ಬೇಯಿಸ್ತೇನೆ. ನೀನಿಲ್ಲದಿದ್ರೆ ಗಾಡಿ ನಿಲ್ತದೆ, ಹನ್ನೊಂದು ಮನೆ ನಿಲ್ತದೆ." ಆಮೇಲೆ ಅವರು ಅತ್ತರು. ನಾನು ಅಳಲಿಲ್ಲ, ಸಿಟ್ಟು ಬಂದಿತ್ತು.

ನಾಳೆ ಪ್ರಾರ್ಥನೆ ಮುಗಿಸಿ ನಿಮ್ಮ ಮನೆಗೆ ಹೋಗೋಣ, ಕ್ಷಮೆ ಕೇಳುತ್ತೇನೆ, ಕಾಲಿನ ಸುದ್ದಿ ಹೇಳಿದ್ದು ನೀನು ಅಂತ ನನಗೆ ಇವತ್ತಷ್ಟೇ ತಿಳಿಯಿತು ಅಂತ ಹೇಳೋಣ ಎನ್ನುತ್ತಾರೆ ಅಜ್ಜಿ. ನಿನ್ನ ಅಮ್ಮ ಅಜ್ಜಿಯನ್ನು ಏನೂ ಕೇಳುವುದಿಲ್ಲ, ನನ್ನನ್ನೇ ಕೇಳುತ್ತಾರೆ: "ಅಮ್ಮಂಗೆ ಯಾವಾಗ ಗೊತ್ತಾತೇ?" ಅಜ್ಜಿ ಪಕ್ಕದಲ್ಲೇ ನಿಂತಿರುತ್ತಾರೆ. ನನಗೆ ಸುಳ್ಳು ಬರುವುದಿಲ್ಲ, ನಿನಗೆ ಗೊತ್ತಲ್ಲ.