ಒಂದೇ ಜೊತೆ ಗ್ಲೌಸು

ಸೋಮೇಶ,

ಲೆಕ್ಕ ಹಾಕಿದೆ ಕಣ್ಲಾ. ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ಆದ ಖರ್ಚು: ನಿಮ್ಮಪ್ಪ ಆಡೋಕೆ ಕೊಟ್ಟಿದ್ದ ಬಯಲು, ಅರ್ಧದಷ್ಟು ಮಕ್ಕಳು, ಮತ್ತೆ ನೀನು. ಎಲ್ಲಾ ಒಂದು ಜೊತೆ ಗ್ಲೌಸಿಗಾಗಿ.

ಪ್ರತಿ ಮಗುವೂ ಸರದಿ ಮೇಲೆ ಗೋಲು ಕಾಯಬೇಕು, ಗ್ಲೌಸು ಕೈಯಿಂದ ಕೈಗೆ ಹೋಗಬೇಕು ಅನ್ನೋದು ನಾವಿಬ್ಬರೂ ಸೇರಿ ಮಾಡಿದ ರೂಲು. ಊರಾಚೆ ದಲಿತರ ಕಾಲೋನಿ ಮಕ್ಕಳು ಬಂದ ಮೇಲೆ ನೀನು, "ಅವರಿಗೆ ಬೇರೆ ಜೊತೆ ನಾನೇ ಕೊಡಿಸ್ತೀನಿ, ಬುಡ್ಲಾ" ಅಂದೆ. ನಾನು ಬುಡಲಿಲ್ಲ. ಈಗಲೂ ಬುಡಲ್ಲ.

ಇವತ್ತು ಗುಂಡ್ಲುಪೇಟೆಯಲ್ಲಿ ಸಂತೆಮರಹಳ್ಳಿಯವರ ಮೇಲೆ ಕಪ್ ಫೈನಲ್ ಮ್ಯಾಚಿತ್ತು. ಮೊದಲರ್ಧ ಕಾಲೋನಿಯ ಸ್ವರ್ಣಲತಾ ಗೋಲು ಕಾದಳು, ಒಂದನ್ನೂ ಬಿಡಲಿಲ್ಲ. ಆಮೇಲೆ ಶಿವರಂಜನಿಯ ಸರದಿ. ಹೌದು, ನಿನ್ನ ಮಗಳೇ. ಟ್ಯೂಷನ್ ಅಂತ ನಿನಗೆ ಹೇಳಿ ನಿನ್ನ ಹೆಂಡತೀನೇ ಕಳಿಸೋದು.

ಗ್ಲೌಸು ಬೆವರಿಗೆ ನೆಂದುಹೋಗಿತ್ತು. "ಒರೆಸಿ ಕೊಡ್ಲೇನಮ್ಮಿ?" ಅಂದಳು ಸ್ವರ್ಣಲತಾ.

"ಕೊಡಮ್ಮಿ ಸಾಕು, ಅವ್ರು ಬಾಲ್ ಇಟ್ಕೊಂಡು ನಿಂತವ್ರೆ!" ನಿನ್ನ ಮಗಳು ಗ್ಲೌಸಿನ ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿ ಎಳೆದು ಬಿಗಿದುಕೊಂಡಳು.

ಅಭ್ಯಾಸ ನೋಡು, ನಾನು ಪಕ್ಕಕ್ಕೆ ತಿರುಗಿ, "ನೋಡ್ಲಾ ಸೋಮೇಶ" ಅಂದುಬುಟ್ಟೆ. ಪಕ್ಕದಲ್ಲಿ ನೀರಿನ ಕ್ಯಾನಿತ್ತು.

ಈ ಕಾಗದ ಕಳಿಸಲ್ಲ. ಕಳಿಸಿದರೆ ಅವಳ ಆಟ ನಾಳೆಗೇ ನಿಲ್ಲುತ್ತೆ.

ಕಪ್ ಸಂತೆಮರಹಳ್ಳಿಗೆ ಹೋಯ್ತು. ನಿನ್ನ ಮಗಳು ಮೂರು ಗೋಲು ಬಿಟ್ಟಳು. ಮುಂದಿನ ಮ್ಯಾಚಿಗೂ ತಾನೇ ನಿಲ್ತೀನಿ ಅಂತ ಜಗಳ ಬೇರೆ. ಸ್ವರ್ಣಲತಾಗೆ ಒಬ್ಬಳು ಗೆಳತಿ ಸಿಕ್ಕಳು. ನನ್ನ ರೂಲು ಉಳೀತು. ನಿನ್ನ ಪಾಲಿಗೆ ಏನೂ ಬರಲಿಲ್ಲ.