ನೀರಿನ ಟ್ಯಾಂಕಿನ ಹಿಂದೆ ಸಿಕ್ಕ ಹಿತ್ತಾಳೆ ಕೇಸು

೧೪ ಮಾರ್ಚ್, ಮಧ್ಯಾಹ್ನ

ಪ್ರೀತಿಯ ತಂಗಿಗೆ,

ನೀನೂ ಮಕ್ಕಳೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲ, ಬೇಸರ ಮಾಡಿಕೊಳ್ಳಬೇಡ. ನಿನ್ನ ಭಾವ ಹೋದ ಮೇಲೆ ದಿನಚರಿಯಲ್ಲಿ ಒಂದೆರಡು ಸಾಲು ಗೀಚುತ್ತೇನೆ, ಅಷ್ಟಕ್ಕೇ ಕೈ ಸೋಲುತ್ತದೆ. ಇವತ್ತು ಬರೆಯದೆ ವಿಧಿಯಿಲ್ಲ. ಯುದ್ಧ ಸ್ಮಾರಕ ಸಮಿತಿಯವರು ಒಂದು ಕಾಗದ ಹಿಡಿದು ನಿನ್ನ ಮನೆಗೆ ಬರುತ್ತಾರೆ. ಸಹಿ ಹಾಕಬೇಡ.

ಸಮಿತಿಯ ಅಧ್ಯಕ್ಷ ಯಾರು ಗೊತ್ತೇ? ನಮ್ಮ ಕರ್ನಲ್. ಸಮಾರಂಭಗಳಿಗೆ ಕುರ್ಚಿ, ಮೈಕು ಬಾಡಿಗೆಗೆ ಕೊಡುತ್ತಾನಲ್ಲ, ಅವನೇ. ಸೈನ್ಯದ ಬಾಗಿಲು ಕಂಡವನಲ್ಲ. ಮೀಸೆ ನೋಡಿ ಜನ ತಮಾಷೆಗೆ ಇಟ್ಟ ಹೆಸರನ್ನು ಈಗ ಲೆಟರ್‌ಹೆಡ್ಡಿನಲ್ಲಿ ಅಚ್ಚು ಹಾಕಿಸಿಕೊಂಡಿದ್ದಾನೆ. ನೀರಿನ ಟ್ಯಾಂಕಿನ ಹಿಂದಿನ ದಿಬ್ಬದಲ್ಲಿ ಪೈಪಿಗೆಂದು ಅಗೆಯುವಾಗ ಫಿರಂಗಿ ಗುಂಡಿನ ಮದ್ದು ತುಂಬುವ ಹಳೆಯ ಹಿತ್ತಾಳೆ ಕೇಸೊಂದು ಸಿಕ್ಕಿತು. ಅದನ್ನು ಹಸುಗೂಸಿನ ಹಾಗೆ ಟವೆಲಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದ. ಇಂಥ ಕೇಸು ಯಾವ ದೇಶದ್ದು, ಯಾವ ಕಾರ್ಖಾನೆಯದು ಎಂದು ಹೇಳುತ್ತಿದ್ದವರು ನಿನ್ನ ಭಾವ. ಅವರಿಲ್ಲವಲ್ಲ, ಹೆಂಡತಿಯ ಬಾಯಿಂದ ಒಂದು ‘ಹೂಂ’ ಬಂದರೂ ಸಾಕೆಂದು ಅವನ ಎಣಿಕೆ. ಜೊತೆಗೆ ಇತಿಹಾಸದ ಮೇಷ್ಟ್ರನ್ನೂ ಕರೆತಂದಿದ್ದ. ಮೇಷ್ಟ್ರು ನನ್ನ ಕಾಫಿ ಲೋಟದ ಚಮಚ ತೆಗೆದು ಕೇಸಿಗೆ ಬಡಿದು, ಕಿವಿಗೊಟ್ಟು, “ಶಬ್ದದಲ್ಲೇ ಗೊತ್ತಾಗುತ್ತೆ, ವಿದೇಶಿ ಮಾಲು” ಎಂದರು. ಆ ಚಮಚವನ್ನು ಮತ್ತೆ ಲೋಟಕ್ಕೇ ಹಾಕಿದರು.

“ಅತ್ತಿಗೆ, ತಳದಲ್ಲಿ ನಕ್ಷತ್ರ ನೋಡಿ. ಶತ್ರುಗಳ ಕಾರ್ಖಾನೆ ಮುದ್ರೆ,” ಎಂದ ಕರ್ನಲ್. “ಯುದ್ಧದಲ್ಲಿ ಕೆಳಬೀದಿ ಮೇಲೆ ಬಿದ್ದದ್ದು ಇದೇ ಅಂತ ಕಲ್ಲು ಕೆತ್ತಿಸ್ತೀವಿ. ಸತ್ತವರ ಹೆಸರಲ್ಲಿ ನಿಮ್ಮ ತಾಯಿಯವರದ್ದೇ ಮೊದಲು.”

“ಕೇಸು ಎಲ್ಲಿ ಬೀಳುತ್ತಪ್ಪಾ?” ಎಂದೆ. “ಗುಂಡು ಹಾರಿ ಹೋಗುತ್ತೆ, ಕೇಸು ಫಿರಂಗಿ ಪಕ್ಕದಲ್ಲೇ ಉಳಿಯುತ್ತೆ. ದಿಬ್ಬದಲ್ಲಿ ಸಿಕ್ಕಿದೆ ಅಂದ್ರೆ ಫಿರಂಗಿ ಇದ್ದದ್ದೂ ದಿಬ್ಬದಲ್ಲೇ. ಆಗ ದಿಬ್ಬದಲ್ಲಿ ಇದ್ದವರು ಯಾರು? ನಮ್ಮವರೇ.”

“ಹಾಗಾದ್ರೆ ನಕ್ಷತ್ರ ಸುಳ್ಳು ಹೇಳುತ್ತಾ?”

ನಕ್ಷತ್ರ ಸುಳ್ಳಲ್ಲ. ಯುದ್ಧಕ್ಕೆ ಮುಂಚೆ ನಮ್ಮವರು ಆ ಕಾರ್ಖಾನೆಯಿಂದಲೇ ಕೊಳ್ಳುತ್ತಿದ್ದರು. ಒಂದೇ ಕೇಸಿಗೆ ಮತ್ತೆ ಮತ್ತೆ ಮದ್ದು ತುಂಬುತ್ತಾರೆ, ತುಂಬಿದವರು ಪ್ರತಿಸಲವೂ ತಮ್ಮ ಮುದ್ರೆ ಮತ್ತು ವರ್ಷವನ್ನು ತಳದಲ್ಲಿ ಒತ್ತುತ್ತಾರೆ. ನಿನ್ನ ಭಾವನ ಪಕ್ಕದಲ್ಲಿ ಕೂತು ಕೂತು ನನಗೂ ಇಷ್ಟು ತಿಳಿದಿದೆ. ಭೂತಗನ್ನಡಿ ತಂದು ಕೊಟ್ಟೆ. ನಕ್ಷತ್ರದ ಎದುರಿಗೆ ನಮ್ಮ ಸೈನ್ಯದ ಮದ್ದಿನ ಕಾರ್ಖಾನೆಯ ಮುದ್ರೆ, ಅಮ್ಮ ಸತ್ತ ವರ್ಷವೇ ಒತ್ತಿದ್ದು, ಸ್ಪಷ್ಟವಾಗಿದೆ. ಗಾಜಿನಲ್ಲಿ ಅವನಿಗೆ ತನ್ನ ಮೀಸೆಯೇ ಕಂಡಿರಬೇಕು.

“ತಳ ಯಾರು ನೋಡ್ತಾರೆ ಬಿಡಿ ಅತ್ತಿಗೆ,” ಎಂದ. “ಸಿಮೆಂಟಲ್ಲಿ ಹೂತುಬಿಡ್ತೀವಿ. ಜನ ಮೇಲಿಂದ ಹೂವು ಇಡೋದು ತಾನೆ?”

ಇಂಥವರ ಹತ್ತಿರ ಏನು ಮಾತಾಡುವುದು, ಹೇಳು. ನಾಚಿಕೆಯಾದರೂ ಆಗುತ್ತದೆಂದು ಕಾದೆ. ಮೇಷ್ಟ್ರು ಇನ್ನೊಂದು ಲೋಟ ಕಾಫಿ ಕೇಳಿದರು. ಹೆಸರು ಕೆತ್ತಿಸಲು ಸತ್ತವರ ಮಕ್ಕಳಲ್ಲಿ ಒಬ್ಬರ ಸಹಿ ಸಾಕಂತೆ. ನಾನು ಹಾಕುವುದಿಲ್ಲ ಎಂದೆ. “ಚಿಕ್ಕವರು ಹಾಕ್ತಾರೆ. ಅವರಿಗೆ ಅಮ್ಮನ ಮುಖವೇ ನೆನಪಿಲ್ಲ, ಹಟ ಯಾಕೆ ಮಾಡ್ತಾರೆ?” ಎಂದು ನಗುತ್ತಾ ಚಪ್ಪಲಿ ಮೆಟ್ಟಿದ. ನಿನ್ನನ್ನು ಅವನು ತಿಳಿದುಕೊಂಡಿರುವುದು ಹೀಗೆ.

ಅಮ್ಮನ ಹೆಸರು ಸುಳ್ಳಿನ ಕೆಳಗೆ ಬೇಡ. ಕಲ್ಲು ಇಲ್ಲದೆಯೂ ಇಷ್ಟು ವರ್ಷ ಅವಳು ನಮ್ಮ ಜೊತೆ ಇದ್ದಾಳೆ.

ನಿನ್ನ ಮಂಡಿನೋವು ಬೇಗ ಇಳಿಯಲಿ. ಮಕ್ಕಳಿಗೆ ಒಳ್ಳೆಯ ದಾರಿ ಸಿಗಲಿ. ನಿನ್ನ ಮನೆ ಸದಾ ತುಂಬಿರಲಿ ಎಂದು ಹರಸುವ,

ನಿನ್ನ ಅಕ್ಕ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ನಿನಗೆ ಪೂರ್ತಿ ಹೇಳದೆ ಸಹಿ ಹಾಕಬೇಡ ಎನ್ನುವುದು ನ್ಯಾಯವಲ್ಲ. ಆಸ್ಪತ್ರೆಯಲ್ಲಿ, ಕೊನೆಯ ವಾರ, ನಿನ್ನ ಭಾವ ಹೇಳಿದರು: ಅಮ್ಮ ಸತ್ತ ದಿನ ದಿಬ್ಬದ ಮೇಲಿದ್ದದ್ದು ಒಂದೇ ಫಿರಂಗಿ, ಅದಕ್ಕೆ ಗುಂಡು ತುಂಬುತ್ತಿದ್ದವರು ಅವರು. ಹೊಳೆಯಾಚೆ ಬೀಳಬೇಕಾದದ್ದು ದೂರದ ಲೆಕ್ಕ ತಪ್ಪಿ ಕೆಳಬೀದಿಗೆ ಬಿತ್ತಂತೆ. ಹೊಗೆ ಎದ್ದದ್ದನ್ನು ಅಲ್ಲಿಂದಲೇ ನೋಡಿದರಂತೆ. ಜೀವನವಿಡೀ ಸಿಕ್ಕ ಸಿಕ್ಕ ಕೇಸಿನ ತಳ ಉಜ್ಜಿ ನೋಡಿದ್ದು, ಆ ದಿನ ಬೇರೆ ಯಾರಾದರೂ ಹಾರಿಸಿದ್ದರೆಂಬ ಗುರುತು ಎಲ್ಲಾದರೂ ಸಿಕ್ಕೀತೆಂದು. ಸಿಗಲಿಲ್ಲ. ಕರ್ನಲ್‌ನ ಕಲ್ಲು ನಿಂತರೆ ಅವರನ್ನು ಯಾರೂ ಏನೂ ಕೇಳುವುದಿಲ್ಲ, ಅದು ಗೊತ್ತಿದ್ದೇ ನಿನಗೆ ಹೀಗೆ ಬರೆಯುತ್ತಿದ್ದೇನೆ.

ತಾಯಿಯಿಲ್ಲದ ನಮ್ಮಿಬ್ಬರನ್ನು ವಿಚಾರಿಸಿಕೊಂಡು ಬಂದವರು, ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವರು ಅವರೇ. “ಆಗ ನೀವು ಬಂದದ್ದು ನನ್ನನ್ನು ಮೆಚ್ಚಿಯೋ, ಅಮ್ಮನ ಋಣ ತೀರಿಸೋದಕ್ಕೋ?” ಎಂದು ಕೇಳಿದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು.